ಸತ್ತ ಮೇಲೆ ಕಪ್ಪಾದ ಮೋಹಿನಿಯ ಅಹವಾಲು

ತಾಯಲೂರು, ೧೯೮೪

ಮಾನ್ಯ ಚಿತ್ರ ಪರಿಶೀಲನಾ ಸಮಿತಿಯ ಅಧ್ಯಕ್ಷರೇ,

ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ತೆಗೆದ ದೆವ್ವದ ಚಿತ್ರವನ್ನು ತಾವು 'ಕೋಲಾರ ಸೀಮೆಯ ಜನಜೀವನದ ನೈಜ ಚಿತ್ರಣ' ಎಂದು ಹೊಗಳಿದ್ದೀರಿ. ಅದೇ ಉಸಿರಿನಲ್ಲಿ ದೆವ್ವದ ಮಾತು ಅಶುದ್ಧ ಕನ್ನಡವೆಂದು ಅಳಿಸಿಹಾಕಿಸಿದ್ದೀರಿ. ಆ ದೆವ್ವ ನಾನೇ.

ನಾನು ಹೊಲಿಗೆ ಟೀಚರ್. ಆ ಚಿತ್ರದ ದೆವ್ವ ಮೋಹಿನಿಯ ರವಿಕೆ ಹೊಲಿಯಲು ಅಳತೆ ಕೇಳಿಕೊಂಡು ಹೋಗಿದ್ದೆ. ನಿರ್ದೇಶಕರು ನನ್ನನ್ನು ಕಂಡು ಕುಣಿದೇಬಿಟ್ಟರು. "ಅಮ್ಮಾ, ಸಿಕ್ಕಿದ್ರಲ್ಲ! ನಿಮ್ಮ ಬಣ್ಣಕ್ಕೆ ಮೇಕಪ್ಪೇ ಬೇಡ!" ನನ್ನ ಬಣ್ಣಕ್ಕೆ ಇಂಥ ಸ್ವಾಗತ ವಧುಪರೀಕ್ಷೆಯಲ್ಲೂ ಸಿಕ್ಕಿರಲಿಲ್ಲ. ಒಪ್ಪಿಕೊಂಡೆ. ಸುಳ್ಳೇಕೆ ಹೇಳಲಿ, ಕೂದಲು ಕೆದರಿಕೊಂಡು ಕಿರುಚುವುದರಲ್ಲಿ ಎಂಥ ಸುಖ! ನಾಯಕನಟ ನಿಜವಾಗಿಯೂ ಹೆದರಿ ಕಳ್ಳಿಬೇಲಿಯ ಮೇಲೆ ಬಿದ್ದ.

ಪೂರ್ತಿ ಕಥೆ ತಿಳಿದದ್ದು ಆಮೇಲೆ. ಮೋಹಿನಿ ಬದುಕಿದ್ದಾಗ ನಮ್ಮೂರಿನ ಕಡೆಯ ಪಟೇಲರ ಮಗಳಂತೆ. ಆ ಪಾತ್ರಕ್ಕೆ ಬೊಂಬಾಯಿಯಿಂದ ಬೆಣ್ಣೆಯಂಥ ಹುಡುಗಿ ಬಂದಳು!

"ಸಾರ್, ಅವಳೂ ನಾನೂ ಒಬ್ಬಳೇ ಅಲ್ವಾ? ಸತ್ತ ತಕ್ಷಣ ಯಾಕೆ ಕಪ್ಪಾಗ್ತಾಳೆ?" ಎಂದೆ.

"ಜನ ಅದೆಲ್ಲ ಕೇಳಲ್ಲಮ್ಮ," ಎಂದರು. ಪಾಪ, ಅವರು ನಮ್ಮ ಜನವನ್ನು ಕಂಡಿರಲಿಲ್ಲ.

ಉಳಿದಂತೆ ನಮ್ಮ ಸೀಮೆಯವರೆಂದರೆ ಒಬ್ಬ ಕುಡುಕ, ಒಬ್ಬ ಕಳ್ಳ ಕಾವಲುಗಾರ. ಬುದ್ಧಿವಂತ ಡಾಕ್ಟರು ಬೆಂಗಳೂರಿನವರು. ಹೋಗಲಿ, ಮಂತ್ರವಾದಿಯೂ ಬೆಂಗಳೂರಿನವನೇ! ನಮ್ಮ ದೆವ್ವ ಬಿಡಿಸುವ ಯೋಗ್ಯತೆಯೂ ನಮಗಿಲ್ಲವೇ ಸ್ವಾಮಿ? ನೈಜ ಎಂದರೆ ಇದೇ ಏನು?

ಮುಳಬಾಗಿಲಿನ ಟಾಕೀಸಿಗೆ ಚಿತ್ರ ಬಂದಾಗ ಪಕ್ಕದ ಮನೆಯ ಭಾರತಮ್ಮನ ಜೊತೆ ಮ್ಯಾಟ್ನಿಗೆ ಹೋದೆ. ಪರದೆಯ ಮೇಲೆ ನಾನು ಬಾಯಿ ತೆರೆದೆ. ಸದ್ದೇ ಇಲ್ಲ!

"ಲೇ, ದೆವ್ವಕ್ಕೆ ಗಂಟಲು ಕಟ್ಟೈತೆ ಕಣ್ರೋ!" ಎಂದು ಮುಂದಿನಿಂದ ಯಾರೋ ಕೂಗಿದರು.

ಭಾರತಮ್ಮ ಪಕ್ಕೆಗೆ ತಿವಿದಳು. "ಇಲ್ಲೇ ಕೂತಿದ್ದೀಯಲ್ಲೇ, ಹೇಳೇ!"

ಎದ್ದು ನಿಂತು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕಿರುಚಿದೆ: "ಎವುರ್ನಡಿಗಿ ಬಂದ್ರಿ ನಮ್ಮ ಮನೆಗೆ?" ತಾವು ಅಳಿಸಿಹಾಕಿಸಿದ ಮಾತು ಇದೇ. ತೆಲುಗು ಬೆರೆತ ನಮ್ಮ ಸೀಮೆಯ ನುಡಿಯಲ್ಲಿ ಯಾರನ್ನು ಕೇಳಿ ಬಂದಿರಿ ಎಂದರ್ಥ, ತಮಗಾಗಿ ಬಿಡಿಸಿ ಹೇಳುತ್ತಿದ್ದೇನೆ. ಟಾಕೀಸಿನ ಸೂರು ಹಾರಿಹೋಗುವಷ್ಟು ಶಿಳ್ಳೆ! ಮ್ಯಾನೇಜರ್ ನರಸಿಂಹಪ್ಪನವರು ಓಡಿಬಂದರು. ಕತ್ತು ಹಿಡಿದು ನೂಕುತ್ತಾರೆಂದುಕೊಂಡೆ.

"ಅಕ್ಕಾ, ಮುಂದಿನ ಆಟಕ್ಕೂ ಇರ್ತೀರಾ? ಮೈಕ್ ಕೊಡ್ತೀನಿ."

ಇದ್ದೆ. ಮರುದಿನವೂ ಹೋದೆ. ಆಟ ಮುಗಿದಾಗ ರಾಯಲ್ಪಾಡಿನ ಅಜ್ಜಿಯೊಬ್ಬರು ನನ್ನ ಕೆನ್ನೆ ಹಿಡಿದು ನಕ್ಕರು. "ನಮ್ಮ ಮಾತು ಸಿನಿಮಾದಾಗೆ ಇದೇ ಮೊದಲು ಕೇಳಿದ್ದು ಕಣಮ್ಮಾ," ಎಂದರು. ನಗುತ್ತಲೇ ಅವರ ಕಣ್ಣು ತುಂಬಿತು. ನನ್ನದೂ.

ಅಷ್ಟರಲ್ಲಿ ತಮ್ಮ ಆಜ್ಞೆ ಬಂತು: 'ಅನಧಿಕೃತ ಧ್ವನಿ ಕೂಡಲೇ ನಿಲ್ಲತಕ್ಕದ್ದು.' ನರಸಿಂಹಪ್ಪನವರು ತಲೆ ತಗ್ಗಿಸಿಕೊಂಡು ಮೈಕ್ ಇಸಿದುಕೊಂಡರು. ಹುಟ್ಟಿದಾಗಿನಿಂದ ಆಡುತ್ತಿರುವ ಮಾತಿಗೆ ಯಾರ ಅಧಿಕಾರಪತ್ರ ತರಬೇಕು ಸ್ವಾಮಿ?

ಆದ್ದರಿಂದ ನನ್ನ ಧ್ವನಿಯನ್ನು ಚಿತ್ರಕ್ಕೆ ಮರಳಿಸಿ. ಇಲ್ಲವೇ ತಮ್ಮ ಹೊಗಳಿಕೆಯಿಂದ 'ನೈಜ' ಎಂಬುದನ್ನು ಹೊಡೆದುಹಾಕಿ. ಇನ್ನೊಂದು ಮಾತು: ಮುಂದಿನ ಚಿತ್ರದಲ್ಲಿ ನಮ್ಮವಳೊಬ್ಬಳು ಜೀವಂತವಾಗಿರಲಿ. ಟೀ ಕುಡಿಯಲಿ, ಪ್ರೀತಿಸಲಿ, ಕೊನೆಯವರೆಗೂ ಸಾಯದೆ ಉಳಿಯಲಿ. ದೆವ್ವಕ್ಕೆ ಬೇಕಾದರೆ ಬೊಂಬಾಯಿಯವಳೇ ಬರಲಿ. ಬೆಳ್ಳಗಿನ ದೆವ್ವಕ್ಕೂ ನಾವು ಅಷ್ಟೇ ಮನಸಾರೆ ಹೆದರುತ್ತೇವೆ.

ಇಂತಿ,
ಸದ್ಯಕ್ಕೆ ಬಾಯಿ ಕಟ್ಟಿಸಿಕೊಂಡು, ಬದುಕಿಯೇ ಇರುವ
ಅನಸೂಯಮ್ಮ