ಜೋಡಿ ಬಾತು

ಉಮ್ಮ್ ಸಲಾಲ್‌ನಿಂದ

ಮಗಳು ಶೈಮಾಳಿಗೆ,

ನೀನು ಫೋನ್ ಎತ್ತುವುದಿಲ್ಲವೆಂದು ಬರೆಯುತ್ತಿದ್ದೇನೆ. ಈದ್‌ಗೆ ಯಾಕೆ ಬರಲಿಲ್ಲವೆಂದು ಕೇಳುವುದಕ್ಕಲ್ಲ. ನಿನ್ನ ಉಪ್ಪ ತೀರಿಕೊಂಡಾಗ ನೀನು ಮೆಸಯೀದಿನ ಮನೆಗೆ ಒಯ್ದ ಮರದ ಬಾತು ನನಗೆ ವಾಪಸು ಬೇಕು. ಅದರ ಜೋಡಿ ಇಲ್ಲಿ ಟೀವಿಯ ಪಕ್ಕ ಒಂದೇ ಕೂತಿದೆ.

ಊರಿನ ಅಳಿವೆಯಲ್ಲಿ ಬೇಟೆಗೆ ಹೋಗುತ್ತಿದ್ದಾಗ, ಹಾರುವ ಬಾತುಗಳನ್ನು ಇಳಿಸಲು ಉಪ್ಪ ತಾವೇ ಕೆತ್ತಿದ ಬಾತುಗಳನ್ನು ನೀರಿಗೆ ಬಿಡುತ್ತಿದ್ದರು. ಈ ಮರಳುಗಾಡಿಗೆ ಬಂದು ಬೇಟೆ ಬಿಟ್ಟರೂ ಕೆತ್ತುವುದನ್ನು ಬಿಡಲಿಲ್ಲ. ಒಂದನ್ನೇ ಎಂದೂ ಕೆತ್ತಲಿಲ್ಲ. “ಒಂಟಿ ಕಂಡ್ರೆ ಮೇಲಿನವು ಹೆದರ್ತಾವೆ ಮಾರಾಯ್ತಿ, ಒಂದೂ ಇಳಿಯುದಿಲ್ಲ” ಎನ್ನುತ್ತಿದ್ದರು.

ಡ್ರೈವರ್ ಸರ್ಫರಾಝನ ಕೈಯಲ್ಲಿ ಕಳುಹಿಸಬೇಡ, ಕೊಕ್ಕು ಮುರಿದೀತು. ನೀನೇ ತಾ. ಶುಕ್ರವಾರ ಅಕ್ಕಿಹಿಟ್ಟಿನ ಪತ್ತಿರಿ ಮಾಡುತ್ತೇನೆ. ನಿನಗೆಂದೇ ಅಲ್ಲ, ವಾರವಾರವೂ ಮಾಡುತ್ತೇನೆ, ವಾರವಾರವೂ ಉಳಿಯುತ್ತದೆ.

ನಿನ್ನ ಉಮ್ಮ,
ಶರೀಫಾ