ಗೋಡೆಯಾಚೆಯ ಘಾಟು

ಶಿಕಾರಿಪುರ
೧೪ ಮಾರ್ಚ್ ೨೦೨೩

ಪ್ರೀತಿಯ ಅಕ್ಕ ಬಿಂದುಶ್ರೀಗೆ ತಮ್ಮ ಕೊಟ್ರೇಶನ ಶರಣು.

ನೀನು ಸೊರಬಕ್ಕೆ ಹೋದ ಮೇಲೆ ಕಾಗದ ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಟೈರ್ ಅಂಗಡಿ ಬಿಟ್ಟೆ, ಈಗ ಲಗೇಜ್ ಆಟೊ ಓಡಿಸುತ್ತಿದ್ದೇನೆ. ಶಾಲೆಯಲ್ಲೇ ಕೂರದವನು ಅಂಗಡಿಯಲ್ಲಿ ಕೂತಾನೇ ಎಂದು ಭಾವ ನಗಲಿ, ತಪ್ಪಿಲ್ಲ.

ಇಲ್ಲಿ ಎಲ್ಲ ಕ್ಷೇಮ ಎಂದರೆ ಸುಳ್ಳಾಗುತ್ತದೆ.

ಹೋದ ಸಲ ನೀನು ಬಂದಾಗ ಪುಟ್ಟಿ ಹಾಲು ಕುಡಿಯದೆ ರಚ್ಚೆ ಹಿಡಿದಿತ್ತಲ್ಲ. ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ, ನಮ್ಮನ್ನೆಲ್ಲ ಜಗಲಿಗೆ ಕಳಿಸಿ, ಹಿತ್ತಲ ಒಲೆಗೆ ಹಾಕಿದಳು. ಘಾಟು ಬಂದರೆ ಸರಿ, ಬಾರದಿದ್ದರೆ ದೃಷ್ಟಿ ತಗುಲಿದೆ ಎಂಬುದು ನಮ್ಮ ನಂಬಿಕೆ. ಒಂಚೂರೂ ಘಾಟಿಲ್ಲ ಎಂದು ಅವ್ವ ಬಂದು ಹೇಳಿದಳು. ಬೆಳಗ್ಗೆ ಕೂಸನ್ನು ಆಡಿಸಿದ್ದವಳು ಪಕ್ಕದ ಮನೆಯ ಬಸಕ್ಕ, ಮಕ್ಕಳಿಲ್ಲದವಳು. ಸಂಜೆ ಅವಳು ಮತ್ತೆ ಕೈ ಚಾಚಿದಾಗ ನೀನು ಕೂಸಿಗೆ ಸೆರಗು ಮುಚ್ಚಿ ಒಳಗೆ ಹೋದೆ.

ಮೊನ್ನೆ ಹಾಲು ಸೀದು ಮನೆಯೆಲ್ಲ ವಾಸನೆ. ಒಲೆಯ ಪಕ್ಕದಲ್ಲೇ ಸೊಪ್ಪು ಸೋಸುತ್ತಿದ್ದ ಅವ್ವನಿಗೆ ತಿಳಿಯಲೇ ಇಲ್ಲ. ಬಿಡದೆ ಕೇಳಿದೆ. ಎರಡನೇ ಅಲೆಯಲ್ಲಿ ಕೊರೊನಾ ಬಂದು ಹೋದಾಗಿನಿಂದ ಮೂಗಿಗೆ ಏನೂ ತಿಳಿಯುವುದಿಲ್ಲವಂತೆ. ಹೇಳಿದರೆ ಕೈರುಚಿ ಹೋಯಿತು ಎಂದಾರು ಅಂತ ಅಂದಾಜಿನ ಮೇಲೇ ಅಡುಗೆ ಮಾಡುತ್ತಿದ್ದಳು.

"ವಾಸನಿ ಹೋಗಿದ್ದು ಗೊತ್ತಿತ್ತಪ್ಪ. ಘಾಟೂ ಹೋಗ್ತತಿ ಅಂತ ಗೊತ್ತಿರಲಿಲ್ಲ."

ಆಸ್ಪತ್ರೆಗೆ ಕರೆದೊಯ್ದೆ. ಇದೇನು ಅಪರೂಪವಲ್ಲ ಎಂದರು ಡಾಕ್ಟರಮ್ಮ. ಕೊರೊನಾ ಬಂದ ದೊಡ್ಡವರಲ್ಲಿ ನೂರಕ್ಕೆ ಐದಾರು ಮಂದಿಗಾದರೂ ಏನಾದರೊಂದು ತಿಂಗಳುಗಟ್ಟಲೆ ಉಳಿಯುತ್ತದಂತೆ. ಕೆಲವರಿಗೆ ಸುಸ್ತು, ಕೆಲವರಿಗೆ ಏದುಸಿರು, ಮರೆವು, ಅವ್ವನಂಥವರಿಗೆ ಇದು. ಎಷ್ಟೋ ಮಂದಿ ಹೇಳಿಕೊಳ್ಳುವುದೇ ಇಲ್ಲವಂತೆ. ವಾಸನೆ ವಾಪಸು ಬಂದೇ ಬರುತ್ತದೆ ಎಂದು ಅವರು ಮಾತು ಕೊಡಲಿಲ್ಲ. ದಿನಾ ಲವಂಗ, ನಿಂಬೆಹಣ್ಣು ಮೂಸಿ ಮೂಗಿಗೆ ಅಭ್ಯಾಸ ಮಾಡಿಸಿ ಎಂದರು.

ಆಟೊ ಇಳಿದವಳೇ ಅವ್ವ ಬಸಕ್ಕನ ಬಾಗಿಲಿಗೆ ಹೋದಳು. ಎಲ್ಲ ಕೇಳಿಸಿಕೊಂಡು ಬಸಕ್ಕ ಮೆಲ್ಲಗೆ ಹೇಳಿದಳು:

"ಅವತ್ತು ಗ್ವಾಡಿ ಆಚಿಗೆ ನಂಗೆ ಉಸಿರು ಕಟ್ಟಿದಂಗಾಗಿತ್ತು ರಾಜೇಶ್ವರಕ್ಕ. ಬಾಯಿಗೆ ಸೆರಗು ಇಟ್ಕಂಡು ಕೆಮ್ಮಿದೆ. ಘಾಟು ಐತಿ ಅಂತ ನಾನೇ ಬಂದು ಹೇಳಿದ್ರೆ ನೀವು ನಂಬ್ತಿದ್ರೇನು?"



ಅಕ್ಕ, ಅವ್ವನದು ಕಾಯಿಲೆ. ನೀನು ಸೆರಗು ಮುಚ್ಚಿದ್ದು ಕಾಯಿಲೆಯಲ್ಲ. ಯುಗಾದಿಗೆ ಬಾ. ಕೂಸನ್ನು ಮೊದಲು ಬಸಕ್ಕನ ಕೈಗೆ ಕೊಟ್ಟು ಆಮೇಲೆ ನಮ್ಮ ಹೊಸ್ತಿಲು ದಾಟು. ಬೈಯುವುದಿದ್ದರೆ ನನ್ನನ್ನು ಬೈ.

ಭಾವನಿಗೆ ನಮಸ್ಕಾರ. ಪುಟ್ಟಿ ನೂರ್ಕಾಲ ಬಾಳಲಿ.

ನಿನ್ನ ತಮ್ಮ,
ಕೊಟ್ರೇಶ

ವಿ.ಸೂ.: ಇದನ್ನು ಬರೆಯಬೇಡ ಎಂದಿದ್ದಾಳೆ ಅವ್ವ, ಆದರೂ ಬರೆಯುತ್ತೇನೆ. ಪುಟ್ಟಿಯನ್ನು ಎತ್ತಿಕೊಂಡಾಗಲೆಲ್ಲ ನೆತ್ತಿ ಮೂಸುತ್ತಾಳಲ್ಲ, ಅದರ ಬಗ್ಗೆ ಕೇಳಿದೆ. "ನೀವಿಬ್ರೂ ಕೂಸಿದ್ದಾಗಿನ ವಾಸನಿ ಇನ್ನೂ ನೆನಪೈತಿ. ಈ ಕೂಸಿಂದು ಹೆಂಗೈತಿ ಅಂತ ನಂಗೆ ಗೊತ್ತೇ ಇಲ್ಲ. ಬಸಕ್ಕನ್ನೇ ಕೇಳ್ಬೇಕು" ಅಂದಳು.