ಹೊಸ ಲೆನ್ಸಿನಲ್ಲಿ ಅಮ್ಮ

ಅಪ್ಪಾ,

ನೀನು ಅಂಗಡಿಯ ಗಾಜಿನಾಚೆಯಿಂದಲೇ ನೋಡಿ ಬರುತ್ತಿದ್ದಂಥ ಉದ್ದನೆಯ ಜೂಮ್ ಲೆನ್ಸನ್ನು ಕೊನೆಗೂ ಕೊಂಡೆ. ಎತ್ತಿಕೊಂಡರೆ ಕೂಸಿನಷ್ಟು ಭಾರ. ಹಕ್ಕಿಗಳ ಫೋಟೋ ತೆಗೆಯಲು ಎಂದು ಎಲ್ಲರಿಗೂ ಹೇಳಿದ್ದೇನೆ.

ಇವತ್ತು ಸಂಜೆ ಬಾಲ್ಕನಿಯಲ್ಲಿ ನಿಂತು ಅದನ್ನು ಎದುರಿನ ಪಾರ್ಕಿನತ್ತ ತಿರುಗಿಸಿದೆ. ಬೆಂಚಿನ ಮೇಲೆ ಅಮ್ಮ ಒಬ್ಬಳೇ ಪೇಪರ್ ಓದುತ್ತಿದ್ದಳು. ಕ್ಲಿಕ್ಕಿಸಿ ನೋಡಿದರೆ ತೊಡೆಯ ಮೇಲಿಟ್ಟಿದ್ದ ಅವಳ ಬಲಗೈ ಅಲ್ಲಾಡಿ ಮಸುಕಾಗಿತ್ತು. "ಉಸಿರು ಹಿಡಿದು ಒತ್ತೇ, ಕೈ ನಡುಗಿಸ್ಬೇಡ" ಎಂದು ನೀನು ಗದರುತ್ತಿದ್ದುದು ನೆನಪಾಗಿ, ತಪ್ಪು ನನ್ನದೇ ಇರಬೇಕು ಎಂದುಕೊಂಡೆ. ಟ್ರೈಪಾಡಿಗೆ ಬಿಗಿದು ಮತ್ತೆ ತೆಗೆದೆ. ಬೆಂಚು, ಕನ್ನಡಕ, ಚಪ್ಪಲಿಯ ಪಟ್ಟಿ ಎಲ್ಲವೂ ಸ್ಪಷ್ಟವಾಗಿ ಬಂದವು. ಕೈ ಮಾತ್ರ ಹಾಗೇ ಇತ್ತು.

ಮನೆಯಲ್ಲಿ ಅವಳು ಆ ಕೈಯನ್ನು ಸದಾ ಎಡಗೈಯ ಕೆಳಗೆ ಇಟ್ಟುಕೊಂಡಿರುತ್ತಾಳೆ. ಅದು ಅಭ್ಯಾಸವೆಂದು ನಿಜವಾಗಿಯೂ ನಂಬಿದ್ದೆನೆ, ಅಥವಾ ಹಾಗೆ ನಂಬುವುದು ಸುಲಭವಾಗಿತ್ತೆ?

ಅವಳು ಬಂದ ಮೇಲೆ ಫೋಟೋ ತೋರಿಸಿದೆ.

"ಕದ್ದು ತೆಗೀತೀಯೇನೇ ಪತ್ತೇದಾರಿ?" ಎಂದು ನಕ್ಕಳು. ಸ್ವಲ್ಪ ಹೊತ್ತು ನೋಡಿ, "ಲೆನ್ಸೇ ಸರಿಯಿಲ್ಲ ಕಣೇ, ವಾಪಸ್ ಕೊಟ್ಬಿಡು" ಎಂದಳು.

ನೀನಿದ್ದ ಕೊನೆಯ ವರ್ಷ ನೀನು ತೆಗೆದ ಫೋಟೋಗಳೂ ಹೀಗೇ ಅಲ್ಲಾಡಿ ಬರುತ್ತಿದ್ದವು. ಕ್ಯಾಮೆರಾ ಕೆಟ್ಟಿದೆ ಎಂದು ನೀನು ಹೇಳಿದೆ. ನಾನು ಅದನ್ನು ರಿಪೇರಿಗೆ ಕೊಟ್ಟು ಬಂದೆ.

ಈ ಸಲ ಅಂಗಡಿಗೆ ಹೋಗುವುದಿಲ್ಲ ಅಪ್ಪಾ. ಬೆಳಿಗ್ಗೆ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಆಗ ನಾನು ಏನೆಂದು ಕೇಳಿದ್ದರೆ ನೀನು ನನ್ನ ಜೊತೆ ಡಾಕ್ಟರ ಹತ್ತಿರ ಹೊರಟು ಬರುತ್ತಿದ್ದೆ?